ಚಿವುಟಿದ ಬಾಲ

ಚಿಮಟ ಜಾರಿದ್ದು ಕೂದಲೆಳೆಯಷ್ಟು. ಆದರೆ ಅದರ ಕೆಳಗೆ ಸಿಕ್ಕ ಮೀನಿನ ಮರಿಯೇನೂ ಕೂದಲೆಳೆಗಿಂತ ಬಹಳ ದಪ್ಪವಿರಲಿಲ್ಲ. ಮೂರು ದಿನದ ಜೀಬ್ರಾ ಮೀನಿನ ಮರಿ. ಮೈ ಗಾಜಿನಂತೆ, ಹೊಟ್ಟೆಯೊಳಗಿನ ಗುಟ್ಟೆಲ್ಲ ಹೊರಗೇ ಕಾಣುತ್ತದೆ. ಮತ್ತಿನ ಮದ್ದಿಗೆ ನಿದ್ದೆಹೋಗಿದ್ದ ಅದರ ಬಾಲದ ತುದಿಯನ್ನು ಪುಕ್ಕಲಣ್ಣ ಚಿವುಟಿಬಿಟ್ಟಿದ್ದ.

ಪ್ರಯೋಗಾಲಯದವರು ಅವನಿಗೆ ಆ ಹೆಸರಿಟ್ಟದ್ದರಲ್ಲಿ ತಪ್ಪೇನಿಲ್ಲ. ಮೀನಿಗೆ ಪೆಟ್ಟಾದರೆ ಪುಸ್ತಕದಲ್ಲಿ ಬರೆದು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂಗೆ ಹೇಳಬೇಕೆಂದು ನಿಯಮ. ಇವನು ಅತ್ತಿತ್ತ ನೋಡಿದ, ಮರಿಯನ್ನು ಮೆಲ್ಲಗೆ ತಟ್ಟೆಗೆ ಬಿಟ್ಟ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಸುಮ್ಮನಾದ.

ಪಾಪ, ಅವನ ಭಯಕ್ಕೂ ಕಾರಣವಿತ್ತು. ಅಂದು ಸಂಜೆ ನಾಲ್ಕಕ್ಕೆ ಮೇಡಂಗೆ ಒಂದು ಚಿತ್ರ ತೋರಿಸಬೇಕಿತ್ತು. ತೋರಿಸಿದರೆ ಕೆಲಸ ಇನ್ನೊಂದು ವರ್ಷ. ಇಲ್ಲವಾದರೆ ತಿಂಗಳ ಕೊನೆಗೆ ಮನೆ. ಮನುಷ್ಯರಿಗೆ ಕ್ಷಯ ತರುವ ಕ್ರಿಮಿಗೆ ಮೀನುಗಳ ಲೋಕದಲ್ಲೊಬ್ಬ ದಾಯಾದಿಯಿದ್ದಾನೆ. ಅವನನ್ನು ಮರಿಯ ಬಾಲಕ್ಕೆ ಚುಚ್ಚಿದರೆ ಮೈಯ ಕಾವಲು ಕಣಗಳು ಓಡಿಬಂದು ಮುತ್ತಿ ನುಂಗಬೇಕು. ತೋರಿಸಬೇಕಾದ ಚಿತ್ರ ಅದೇ. ಸೂಕ್ಷ್ಮದರ್ಶಕದಲ್ಲಿ ಕಣಗಳು ಹಸಿರಾಗಿ, ಕ್ರಿಮಿಗಳು ಕೆಂಪಾಗಿ ಹೊಳೆಯುತ್ತವೆ. ಮೂರು ತಿಂಗಳಿಂದ ಪುಕ್ಕಲಣ್ಣನ ಮೀನುಗಳಲ್ಲಿ ಕಾವಲುಗಾರರು ಇದ್ದಲ್ಲೇ ತೂಕಡಿಸುತ್ತಿದ್ದರು.

ಮೇಜಿನ ಮೇಲೆ ಎರಡು ತಟ್ಟೆ. ಒಂದರಲ್ಲಿ ಕ್ರಿಮಿ ಚುಚ್ಚಿದ ಮರಿಗಳು, ಇನ್ನೊಂದರಲ್ಲಿ ಹೋಲಿಕೆಗೆಂದು ಬರೀ ಉಪ್ಪುನೀರು ಚುಚ್ಚಿದವು. ಚಿವುಟಿಸಿಕೊಂಡದ್ದು ಉಪ್ಪುನೀರಿನದು. ಯಾವುದರಲ್ಲಿ ಏನಿದೆಯೆಂದು ಇವನು ಬರೆದಿದ್ದು ಮುಚ್ಚಳಗಳ ಮೇಲೆ. ಹಾಗೆ ಬರೆಯಬೇಡವೆಂದು ಮೊದಲ ದಿನವೇ ಹೇಳಿದ್ದರು.

ಇವನು ಕೈ ತೊಳೆಯಲು ಹೋದಾಗ ಅಕ್ಕ ಬಂದಳು. ಎಲ್ಲರಿಗಿಂತ ಹಿರಿಯಳು, ಎಲ್ಲರಿಗೂ ಅಕ್ಕ. ಮಂದಿಯ ಮೇಜು ಒರೆಸದಿದ್ದರೆ ಅವಳಿಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. "ತಟ್ಟೆ ತೆರೆದಿಟ್ಟು ಹೋಗಿದಾನಲ್ಲಪ್ಪಾ ಇವ್ನು!" ಎಂದು ಕೈಗೆ ಸಿಕ್ಕ ಮುಚ್ಚಳವನ್ನು ಕಣ್ಣಿಗೆ ಬಿದ್ದ ತಟ್ಟೆಗೆ ಹಾಕಿ, ಮೇಜು ಒರೆಸಿ, ಹಗುರಾಗಿ ಹೋದಳು. ಮುಚ್ಚಳಗಳು ಅದಲುಬದಲಾದವು.

ಮಧ್ಯಾಹ್ನ ಎರಡಕ್ಕೆ ಪುಕ್ಕಲಣ್ಣ 'ಕ್ರಿಮಿ' ಎಂದಿದ್ದ ಮುಚ್ಚಳ ತೆಗೆದು ಮರಿಗಳನ್ನು ಒಂದೊಂದಾಗಿ ನೋಡಿದ. ಏಳನೆಯದರ ಬಾಲದಲ್ಲಿ ಹಸಿರು ಚುಕ್ಕೆಗಳು ಬೆಲ್ಲಕ್ಕೆ ಇರುವೆಯಂತೆ ಮುತ್ತಿದ್ದವು. ಕೆಂಪು ಕಾಣಲಿಲ್ಲ, ನಿಜ. ಆ ಸೂಕ್ಷ್ಮದರ್ಶಕದ ಕೆಂಪು ತೋರಿಸುವ ಭಾಗ ರಿಪೇರಿಗೆ ಹೋಗಿ ವಾರವಾಗಿತ್ತು.

"ಅಕ್ಕಾ, ಬಂದ್ರು! ಎಲ್ರೂ ಬಂದ್ರು!"

"ಯಾರೋ ಬಂದಿದ್ದು?" ಎಂದು ಅಕ್ಕ ಓಡಿಬಂದು ಇಣುಕಿ ಕೆನ್ನೆಗೆ ಕೈ ಇಟ್ಟುಕೊಂಡಳು. ತೊಟ್ಟಿಗಳಿಗೆ ಮೇವು ಹಾಕುವ ಮೀನಿನ ಮಾವನೂ ಇಣುಕಿದ. ಮಾವನ ಕಿವಿಗೆ ಬಿದ್ದದ್ದು ಊರಿಗೇ ಬಿದ್ದಂತೆ.

"ಮಾವ, ಯಾರಿಗೂ ಹೇಳ್ಬೇಡಿ, ಇನ್ನೂ ಕೆಂಪು ನೋಡಿಲ್ಲ!"

"ಸುಮ್ನಿರಪ್ಪಾ, ಒಳ್ಳೆ ಸುದ್ದಿಗೆ ಯಾರಾದ್ರೂ ಬಣ್ಣ ಕೇಳ್ತಾರಾ?" ಎಂದು ಮಾವ ಹೊರಟೇಹೋದ. ಹತ್ತು ನಿಮಿಷದಲ್ಲಿ ಮೇಲಿನ ಮಹಡಿಯಲ್ಲಿ ಕ್ಷಯಕ್ಕೆ ಮದ್ದೇ ಸಿಕ್ಕಿತ್ತು. ನಾಲ್ಕರವರೆಗೆ ಕಾಯದೆ ಮೇಡಂ ತಾವೇ ಇಳಿದುಬಂದು, ತಟ್ಟೆಯನ್ನು ತಮ್ಮ ಕೋಣೆಯ ದೊಡ್ಡ ಸೂಕ್ಷ್ಮದರ್ಶಕಕ್ಕೆ ಒಯ್ದರು. ಹಿಂದೆಯೇ ಇವರೆಲ್ಲರೂ.

ಮೇಡಂ ಬಹಳ ಹೊತ್ತು ನೋಡಿದರು.

"ಕೆಂಪು ಎಲ್ಲಿ? ಒಂದೇ ಒಂದು ಕ್ರಿಮಿ ಇಲ್ಲ. ಇದು ಉಪ್ಪುನೀರಿನ ತಟ್ಟೆ."

ಅಕ್ಕ ನಾಲಿಗೆ ಕಚ್ಚಿಕೊಂಡು, "ಮುಚ್ಚಳ ಹಾಕಿದ್ದು ನಾನು ಮೇಡಂ" ಎಂದಳು. ಇನ್ನೊಂದು ತಟ್ಟೆ ತರಿಸಿ ನೋಡಿದರು. ಅಲ್ಲಿ ಕೆಂಪೋ ಕೆಂಪು. ಕಾವಲುಗಾರರು ಎಂದಿನಂತೆ ದೂರದಲ್ಲಿ ತೂಕಡಿಸುತ್ತಿದ್ದರು.

"ಹಾಗಾದ್ರೆ ಈ ಮರೀಲಿ ಇವೆಲ್ಲ ಯಾಕೆ ಸೇರಿದಾವೆ?" ಮೇಡಂ ಚಿತ್ರವನ್ನು ಹಿಗ್ಗಿಸಿದರು. "ಓ, ಗಾಯ. ಯಾರೋ ಬಾಲ ಚಿವುಟಿದಾರೆ." ಕುರ್ಚಿ ತಿರುಗಿತು. "ಯಾರ ಕೈ ಇದು?"

ಪುಕ್ಕಲಣ್ಣ ಎರಡು ಹೆಜ್ಜೆ ಹಿಂದೆ ಸರಿದ. "ನಂದಲ್ಲ ಮೇಡಂ! ನನ್ನಾಣೆ, ಈ ಮರೀನ ನಾನು ಮುಟ್ಟೇ ಇಲ್ಲ!"

ಅಕ್ಕ ಅವನ ಮುಖ ನೋಡಿದಳು. ಕುಂಬಳಕಾಯಿ ಕಳ್ಳನ ಹೆಗಲು ಹೇಗಿರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಪಾಪ ಅನ್ನಿಸಿ ಮುಂದೆ ಬಂದಳು. "ನಾನೇ ಇರ್ಬೇಕು ಮೇಡಂ. ಮೇಜು ಒರೆಸೋವಾಗ ಚಿಮಟದಲ್ಲಿ ಒಂದು ಮರೀನ ಸರಿ ಮಾಡಿ ಇಟ್ಟೆ. ಅವನನ್ನ ಬೈಬೇಡಿ."

ಪುಕ್ಕಲಣ್ಣನಿಗೆ ಅಲ್ಲೇ ಅವಳ ಕಾಲಿಗೆ ಬೀಳಬೇಕೆನಿಸಿತು.

ಮೇಡಂ ಅಕ್ಕನತ್ತ ತಿರುಗಿ ನಕ್ಕರು. "ಯಾಕೆ ಬೈಲಿ? ಕ್ರಿಮಿ ಇಲ್ದೆ ಬರೀ ಗಾಯಕ್ಕೆ ಕಣಗಳು ಹೇಗೆ ಬರ್ತಾವೆ ಅಂತ ನೋಡೋದಕ್ಕೆ ಎರಡು ವರ್ಷದಿಂದ ಒಂದು ಒಳ್ಳೆ ಕೈ ಹುಡುಕ್ತಿದೀನಿ. ಎಲ್ರೂ ಬಾಲಾನೇ ಕತ್ತರಿಸಿ ಹಾಕ್ತಾರೆ. ಒಂದು ತೊಟ್ಟು ರಕ್ತ ಬರದ ಹಾಗೆ, ಇಷ್ಟು ಹದವಾಗಿ ಯಾರೂ ಚಿವುಟಿರಲಿಲ್ಲ. ನಾಳೆಯಿಂದ ಈ ಕೆಲಸ ನಿಮ್ಮದು. ಪೂರ್ತಿ ಒಂದು ವರ್ಷ!"

ಪುಕ್ಕಲಣ್ಣ ಬಾಯಿ ತೆರೆದ. "ಮೇಡಂ, ಅದೂ..."

"ಗೊತ್ತಪ್ಪಾ, ನೀನು ಮುಟ್ಟಿಲ್ಲ. ಆಣೆ ಬೇರೆ ಇಟ್ಟೆಯಲ್ಲ, ನಂಬಿದೀನಿ. ತಿಂಗಳ ಕೊನೆಗೆ ಬೀಗದ ಕೈ ಮಾವನ ಹತ್ರ ಕೊಟ್ಟು ಹೋಗು."

ಹೊರಗೆ ಬಂದಾಗ ಅಕ್ಕ ಅವನ ತೋಳು ಹಿಡಿದು ಮೂಲೆಗೆ ಎಳೆದಳು. ಅವಳ ಕಣ್ಣು ತುಂಬಿತ್ತು.

"ನಿನ್ನ ಉಳಿಸೋಣ ಅಂತ ಹೇಳ್ದೆ ಕಣೋ, ಹಿಂಗಾಗತ್ತೆ ಅಂತ ಯಾರಿಗ್ಗೊತ್ತು! ಈಗ ನಿಜ ಹೇಳಿದ್ರೆ ನಿನ್ನ ಸುಳ್ಳೂ ಬಯಲಾಗತ್ತೆ, ನಂದೂ ಬಯಲಾಗತ್ತೆ."

"ಹೋಗ್ಲಿ ಬಿಡಕ್ಕ. ನನ್ನ ಹಣೇಬರಹ."

"ಒಂದು ಉಪಕಾರ ಮಾಡ್ತೀಯಾ?" ಅವಳು ಆಚೀಚೆ ನೋಡಿ, ಕೋಟಿನ ಜೇಬಿನಿಂದ ಚಿಮಟ ತೆಗೆದು ಅವನ ಕೈಗಿತ್ತಳು. "ಹೋಗೋದ್ರೊಳಗೆ ಅದನ್ನ ಹೆಂಗೆ ಚಿವುಟಿದೆ ಅಂತ ನಂಗೊಂಚೂರು ಹೇಳ್ಕೊಡೋ."