ರಂಗಧಾಮ ಮಾವನ ‘ಜೋಪಾನ’ವೂ ನನ್ನ ಮುಹೂರ್ತವೂ

“ಇನ್ನು ಮೇಲೆ ಈ ಕಾರು ಗುದ್ದಬೇಕು ಅಂದ್ರೂ ಗುದ್ದಲ್ಲ!” ಎಂದು ರಂಗಧಾಮ ಮಾವ ಬಾನೆಟ್ಟಿನ ಮೇಲೆ ಹೆಮ್ಮೆಯಿಂದ ಬಡಿದ. ಬಾನೆಟ್ಟು ತೆರೆದುಕೊಂಡಿತು. ಅದನ್ನು ಮುಚ್ಚಿ ಅದೇ ಮಾತನ್ನು ಇನ್ನೊಮ್ಮೆ ಹೇಳಿದ. ಈ ಸಲ ಬಡಿಯಲಿಲ್ಲ.

ಅಂದು ನನ್ನ ಮದುವೆ. ನಮ್ಮ ಮನೆತನದಲ್ಲಿ ಒಂದು ಪದ್ಧತಿ: ಮುಹೂರ್ತದ ದಿನ ಬೆಳಿಗ್ಗೆ ಹೆಣ್ಣು ಸೋದರಮಾವನ ಮನೆಯಲ್ಲಿ ಎಣ್ಣೆ ನೀರು ಹಾಕಿಸಿಕೊಂಡು, ಅವನು ತಂದ ಸೀರೆ ಉಟ್ಟು, ಅವನ ಗಾಡಿಯಲ್ಲೇ ಛತ್ರಕ್ಕೆ ಬರಬೇಕು. ಬೇರೆಯವರಿಗೆಲ್ಲ ಸಾಮಾನ್ಯ ಸೋದರಮಾವಂದಿರು ಇರುತ್ತಾರೆ. ನನಗೆ ಸಿಕ್ಕಿದ್ದು ಮಿಕ್ಸಿ ರಿಪೇರಿ ಅಂಗಡಿ ಇಟ್ಟುಕೊಂಡು ಹೊಸ ಯಂತ್ರ ಕಂಡುಹಿಡಿಯುವ ರಂಗಧಾಮ! ಇವನ ಹಿಂದಿನ ರೊಟ್ಟಿ ತಟ್ಟುವ ಯಂತ್ರ ಎದುರು ಮನೆಯ ಮಹಡಿಗೆ ರೊಟ್ಟಿ ಎಸೆದು, ಎರಡು ಮನೆಗಳ ನಡುವೆ ಮಾತು ಬಿಡಿಸಿತ್ತು.

ಈಗಿನದರ ಹೆಸರು ‘ಜೋಪಾನ’. ಸ್ಟೀರಿಂಗಿನ ಪಕ್ಕ ಒಂದು ಮಿಕ್ಸಿ ಜಾರು, ಅದರ ಮುಚ್ಚಳದಲ್ಲಿ ಎರಡು ಕ್ಯಾಮೆರಾ ಕಣ್ಣು.

“ಜನ ಯಾಕೆ ಗುದ್ದುತ್ತಾರೆ ಹೇಳು ಕುಮುದಾ? ಫೋನು, ನಿದ್ದೆ, ಸಿಟ್ಟು, ಅತಿ ಸ್ಪೀಡು, ಮುಂದಿನ ಗಾಡಿಗೆ ಅಂಟಿಕೊಂಡು ಹೋಗೋದು. ಎಲ್ಲಾ ಇದು ಕಂಡುಹಿಡಿಯುತ್ತೆ. ಹಿಂದೆ ಒಂದು ಕಿರಣ ಇಟ್ಟಿದ್ದೀನಿ, ಹಿಂದಿನ ಗಾಡಿಗಳೂ ನಮ್ಮಿಂದ ದೂರ ಬಿಟ್ಟು ನಮ್ಮ ಸ್ಪೀಡಲ್ಲೇ ಬರಬೇಕು!”

“ಮಾವ, ನಾಳೆ ತೋರಿಸು. ಈ ಮುಹೂರ್ತ ತಪ್ಪಿದರೆ ಆಷಾಢ ಕಳೆಯೋವರೆಗೂ ನಾನು ಸುದರ್ಶನನ ಫೋಟೋ ನೋಡ್ಕೊಂಡು ಕೂತಿರಬೇಕು!”

“ಜೋಪಾನ ಇರುವಾಗ ತಡ ಹೇಗಾಗುತ್ತೆ?” ಎಂದು ಅವನು ಒಳಗೆ ಕೂತು ಗುಂಡಿ ಒತ್ತಿದ.

“ಲೋ ರಂಗ! ಬೆಲ್ಟು ಯಾರು ಹಾಕ್ತಾರೆ, ನಿಮ್ಮಪ್ಪನಾ?” ಎಂದಿತು ಯಂತ್ರ.

ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜಿ ಹನುಮಕ್ಕ ಬೆಚ್ಚಿಬಿದ್ದಳು. ಅದು ಅವಳದೇ ದನಿ!

“ಮೊದಲು ಹುಡುಗಿಯ ಸಿಹಿ ದನಿ ಹಾಕಿದ್ದೆ. ನಾನೇ ಹೆದರಲಿಲ್ಲ. ಆಮೇಲೆ ಅವ್ವ ಬೈಯುವಾಗಲೆಲ್ಲ ಕದ್ದು ರೆಕಾರ್ಡ್ ಮಾಡ್ಕೊಂಡೆ” ಎಂದು ಮಾವ ಬೆಲ್ಟು ಹಾಕಿಕೊಂಡ. “ಒಂದೇ ವಾರದಲ್ಲಿ ಮೆಮೊರಿ ತುಂಬಿಹೋಯ್ತು.”

ಕಾರು ಹೊರಡುವ ಮುನ್ನವೇ ವೈಪರ್‌ಗಳು ಎದ್ದವು. ಗಾಜಿಗೆ ಕಟ್ಟಿದ್ದ ಸೇವಂತಿಗೆ, ಗುಲಾಬಿ, ಬಾನೆಟ್ಟಿನ ಮೇಲಿನ ಬೆಳ್ಳಿ ಕಾಗದದ ನಮ್ಮಿಬ್ಬರ ಹೆಸರಿನ ಅಕ್ಷರ, ಎಲ್ಲವನ್ನೂ ಗುಡಿಸಿ ಚರಂಡಿಗೆ ಹಾಕಿದವು.

“ಗಾಜಿನ ತುಂಬ ಹೂವು ಕಟ್ಕೊಂಡ್ರೆ ರಸ್ತೆ ಕಾಣುತ್ತೇನೋ?” ಎಂದಿತು ಜೋಪಾನ.

ಹೂವಿನವನಿಂದ ನಾನೇ ನಿಂತು ಕಟ್ಟಿಸಿದ್ದ ಹೂವು! ಆದರೆ ಅಳಲು ಪುರುಸೊತ್ತು ಎಲ್ಲಿತ್ತು? ಬೀದಿಯ ಕೊನೆ ತಲುಪುವ ಮೊದಲೇ ಛತ್ರದಿಂದ ಅಪ್ಪನ ಫೋನು. ಮಾವನ ಕೈ ಅತ್ತ ಹೋಗುವಷ್ಟರಲ್ಲಿ ಡ್ಯಾಶ್‌ಬೋರ್ಡಿನಿಂದ ಒಂದು ತಟ್ಟೆ ಹೊರಬಂದು ಫೋನನ್ನು ನುಂಗಿತು.

“ಎಲ್ಲಿದ್ದೀರಿ? ಪುರೋಹಿತರು ಕೂಗ್ತಿದ್ದಾರೆ!” ಅಪ್ಪನ ದನಿ ಒಳಗಿನಿಂದ ಕೇಳಿತು.

“ಗಾಡಿ ಓಡಿಸೋರಿಗೆ ಫೋನ್ ಮಾಡಬಾರದು ಅಂತ ಗೊತ್ತಿಲ್ವಾ? ಇಡಿ ಕೆಳಗೆ!” ಎಂದಿತು ಯಂತ್ರ.

“ಸರಿ ಅತ್ತೆ” ಎಂದು ಅಪ್ಪ ಇಟ್ಟುಬಿಟ್ಟರು. ಮೂವತ್ತು ವರ್ಷದಿಂದ ಅವಳ ಅಳಿಯ!

ಇಲ್ಲಿಯವರೆಗೆ ಸರಿಯೇ ಇತ್ತು. ತಿರುವಿನಲ್ಲಿ ಗಣಪತಿ ಗುಡಿ ಬಂತು.

ನಮ್ಮ ತುಮಕೂರಿನಲ್ಲಿ ಗಾಡಿ ಓಡಿಸುವವರು ಗುಡಿ ಕಂಡಾಗ ಏನು ಮಾಡುತ್ತಾರೆಂದು ನಾನು ಹೇಳಬೇಕಾಗಿಲ್ಲ. ಬ್ರೇಕು ಹಾಕುವುದಿಲ್ಲ, ವೇಗ ಇಳಿಸುವುದಿಲ್ಲ. ಸ್ಟೀರಿಂಗ್ ಬಿಟ್ಟು, ಕಣ್ಣು ಮುಚ್ಚಿ, ಎರಡೂ ಕೈ ಜೋಡಿಸುತ್ತಾರೆ. ಅಪಘಾತದ ಕಾರಣಗಳನ್ನೆಲ್ಲ ಹುಡುಕಿದ್ದ ಮಾವನಿಗೆ ಇದೊಂದು ಹೊಳೆದೇ ಇರಲಿಲ್ಲ. ತಾನು ಹಾಗೆ ಮಾಡುತ್ತೇನೆಂಬುದೇ ಅವನಿಗೆ ಗೊತ್ತಿರಲಿಲ್ಲ!

ಮಾವನ ಕೈ ಮೇಲೆದ್ದಿತು. ಕಣ್ಣು ಮುಚ್ಚಿತು.

“ನಿದ್ದೆ! ನಿದ್ದೆ!” ಎಂದು ಜೋಪಾನ ಕಿರುಚಿ, ಕಾರನ್ನು ತಾನೇ ರಸ್ತೆಯಂಚಿಗೆ ತಂದು ನಿಲ್ಲಿಸಿತು. ಜಾರಿನಿಂದ ತಣ್ಣೀರು ಚಿಮ್ಮಿ ಮಾವನ ಮೀಸೆಯಿಂದ ಸುರಿಯತೊಡಗಿತು. ಸೀಟು ಹಿಂದಕ್ಕೆ ಮಡಿಚಿಕೊಂಡು ಮಂಚವಾಯಿತು. “ನಿದ್ದೆ ಬಂದ್ರೆ ಪಕ್ಕಕ್ಕೆ ಹಾಕಿ ಮಲಗಬೇಕು ಕಂದ. ಜೋ ಜೋ...”

“ನಂಗೆ ನಿದ್ದೆ ಬಂದಿಲ್ಲ! ಬಿಡೇ ನನ್ನ!”

ಬಿಡಲಿಲ್ಲ. ಬೆಲ್ಟು ಬಿಗಿ ಹಿಡಿದು ಕಾಲು ಗಂಟೆ ಮಲಗಿಸಿತು. ಇಳಿದು ಆಟೋ ಹಿಡಿಯೋಣವೆಂದರೆ, ಪಕ್ಕದಲ್ಲಿ ಎದುರಿನ ಗಾಡಿ ಹಾದುಹೋಗುವಾಗ ಬಾಗಿಲು ತೆಗೆಯಬಾರದೆಂದು ಬಾಗಿಲೂ ಭದ್ರ. ಆ ರಸ್ತೆಯಲ್ಲಿ ಗಾಡಿ ಬರದ ಗಳಿಗೆ ಯಾವುದು?

ಅಂತೂ ಕಾರು ಹೊರಟಿತು. ಮುಂದೆ ಆಂಜನೇಯನ ಗುಡಿ.

“ಮಾವ, ಕೈ ಎತ್ತಬೇಡ!” ಎಂದು ನಾನು ಚೀರಿದೆ.

“ನಮ್ಮ ಮನೆದೇವರು ಕಣೋ, ಕೈ ಮುಗಿಯೋ!” ಎಂದು ಅಜ್ಜಿ ಹಿಂದಿನಿಂದ ಅವನ ತಲೆಗೆ ಮೊಟಕಿದಳು.

ಮಾವ ಹೆತ್ತ ತಾಯಿಯ ಮಾತು ಕೇಳಿದ. ಮತ್ತೆ ತಣ್ಣೀರು, ಮತ್ತೆ ಮಂಚ, ಮತ್ತೆ ಜೋಜೋ!

ಅಜ್ಜಿಗೆ ರೇಗಿಹೋಯಿತು. “ಅವನು ದೇವರಿಗೆ ಕೈ ಮುಗಿದಿದ್ದು ಕಣೇ, ಮಲಗಿಲ್ಲ!”

“ಕಣ್ಣು ಮುಚ್ಚಿದ್ದು ನಾನು ನೋಡಿಲ್ವಾ?” ಎಂದಿತು ಯಂತ್ರ.

“ನನಗೇ ಎದುರು ಮಾತಾಡ್ತೀಯಾ?”

“ನೀನು ಮಾತ್ರ ಆಡಬಹುದಾ?”

“ಯಾರೋ ರಂಗ ಇವಳು, ಇಷ್ಟು ಜೋರು ಬಾಯಿ?”

“ನೀನೇ ಅವ್ವ” ಎಂದ ಮಾವ, ಮಲಗಿದ ಕಡೆಯಿಂದಲೇ.

ಅಜ್ಜಿ ಸೆರಗು ಸರಿಪಡಿಸಿಕೊಂಡು ಕಿಟಕಿಯಾಚೆಯ ಗುಡಿಗೆ ಇನ್ನೊಮ್ಮೆ ಕೈ ಮುಗಿದಳು.

ನಾನು ಉಳಿದ ಗುಡಿಗಳನ್ನು ಎಣಿಸಿದೆ. ಛತ್ರದವರೆಗೆ ಇನ್ನೂ ಮಾರಮ್ಮ, ಶನಿಮಹಾತ್ಮ, ರಾಘವೇಂದ್ರಸ್ವಾಮಿ, ಮತ್ತೊಬ್ಬ ಆಂಜನೇಯ! ಎಲ್ಲರ ಮುಂದೆಯೂ ಮಾವನನ್ನು ಮಲಗಿಸುತ್ತ ಹೋದರೆ ಸುದರ್ಶನ ಮಂಟಪದಲ್ಲಿ ಒಬ್ಬನೇ ಕೂತು ಮುದುಕನಾಗುತ್ತಾನೆ.

ಕಾಲು ಗಂಟೆ ಕಳೆದು ಬೆಲ್ಟು ಸಡಿಲವಾದ ಕೂಡಲೇ ಕೂಗಿದೆ, “ಏಳು ಮಾವ, ಹಿಂದೆ ಹೋಗು. ನಾನು ಓಡಿಸ್ತೀನಿ!”

“ಮದುಮಗಳಾ?” ಎಂದರು ತಾಯಿ ಮಗ ಇಬ್ಬರೂ.

“ಲೈಸೆನ್ಸ್ ಇರೋ ಮದುಮಗಳು!”

ಸೀಟುಗಳ ನಡುವೆ ನುಸುಳಿ ಸ್ಟೀರಿಂಗಿನ ಮುಂದೆ ಕೂತೆ. ಮಿಕ್ಸಿ ಜಾರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿತು. “ಬಾಸಿಂಗ ತೆಗಿ, ಪಕ್ಕ ಕಾಣಲ್ಲ. ಎತ್ತರದ ಚಪ್ಪಲಿ ಬಿಚ್ಚು, ಬ್ರೇಕಿಂದ ಕಾಲು ಜಾರುತ್ತೆ.” ತೆಗೆದೆ. ಬಿಚ್ಚಿದೆ. “ಸಿಟ್ಟಲ್ಲಿದ್ದೀಯ. ಸಿಟ್ಟಲ್ಲಿ ಗಾಡಿ ಮುಟ್ಟಬಾರದು. ನಗು.”

ಹಲ್ಲು ಕಚ್ಚಿ ನಕ್ಕೆ.

“ಇನ್ನೂ ಸ್ವಲ್ಪ.”

ಮೂವತ್ತೆರಡು ಹಲ್ಲೂ ತೋರಿಸಿದೆ. ಕಾರು ಹೊರಟಿತು!

ಕನ್ನಡಿ ನೋಡಿದೆ, ಇಂಡಿಕೇಟರ್ ಹಾಕಿದೆ, ತಿರುಗಿಸಿದೆ. ಮಾರಮ್ಮನ ಗುಡಿ ಬಂದಾಗ ನನ್ನ ಕೈಯೂ ತಾನಾಗಿ ಏಳಹೊರಟಿತು. ಬಳೆಗಳು ಘಲ್ಲೆಂದವು. ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡೆ.

“ಗಾಡಿ ನೀನು ನೋಡ್ಕೋ ಮಗಳೇ, ದೇವರುಗಳನ್ನೆಲ್ಲ ನಾನು ನೋಡ್ಕೋತೀನಿ” ಎಂದಳು ಅಜ್ಜಿ. ದಾರಿಯುದ್ದಕ್ಕೂ ಎಡಕ್ಕೊಂದು ಬಲಕ್ಕೊಂದು, ಎಲ್ಲರ ಪರವಾಗಿ ಕೈ ಮುಗಿಯುತ್ತಲೇ ಇದ್ದಳು. ಆ ಮಾತಿಗೆ ನನಗೆ ಕಣ್ಣು ತುಂಬಿ ಬಂತು. ಯಂತ್ರ ಕಂಡರೆ ಮತ್ತೆ ಗಾಡಿ ನಿಲ್ಲಿಸೀತೆಂದು ಕೂಡಲೇ ಒರೆಸಿಕೊಂಡೆ.

“ಇವಳು ಜಾಣೆ. ರಂಗನಿಗೆ ಬುದ್ಧಿ ಬರಲಿಲ್ಲ” ಎಂದಿತು ಜೋಪಾನ.

“ನಾನೂ ಅದನ್ನೇ ಹೇಳ್ತಾ ಬಂದಿದ್ದೀನಿ” ಎಂದಳು ಅಜ್ಜಿ. ಆ ಗಳಿಗೆಯಿಂದ ಇಬ್ಬರೂ ಒಂದಾದರು. ಮಾವನ ಗತಿ ಕೇಳಬೇಡಿ!

ಛತ್ರದ ಮುಂದೆ ನಿಲ್ಲಿಸಿದಾಗ ಪುರೋಹಿತರು ಬಾಗಿಲಲ್ಲೇ ಕುಣಿಯುತ್ತಿದ್ದರು. “ಸೋದರಮಾವ ಹೆಣ್ಣನ್ನ ತರಬೇಕು. ಇಲ್ಲಿ ಹೆಣ್ಣೇ ಸೋದರಮಾವನನ್ನ ತಂದಿದೆಯಲ್ಲ!”

“ಗಾಡಿ ಅವನದೇ ಅಲ್ವೇ ಸ್ವಾಮಿ? ಗಟ್ಟಿಮೇಳ ಊದಿಸಿ!” ಎಂದು ಅಜ್ಜಿ ಗದರಿದಳು. ಬಾಸಿಂಗವನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಓಡಿದೆ. ಅಂತರಪಟದ ಆಚೆ ಸುದರ್ಶನ ಬೆವರು ಒರೆಸಿಕೊಳ್ಳುತ್ತಿದ್ದ. ಮುಹೂರ್ತ ಮುಗಿಯುವ ಮುನ್ನ, ಕಡೇ ಗಳಿಗೆಯಲ್ಲಿ ನನ್ನ ಕೊರಳಿಗೆ ತಾಳಿ ಬಿತ್ತು. ಅಬ್ಬಾ! ನನಗಾದ ಖುಷಿಗೆ ಮಾವನನ್ನೂ ಕ್ಷಮಿಸಿಬಿಟ್ಟೆ.

ಹೊರಗೆ ಬಂದು ನೋಡಿದರೆ ರಸ್ತೆಯುದ್ದಕ್ಕೂ ಗಾಡಿಗಳ ಸಾಲು! ಆಟೋಗಳು, ಎರಡು ಸಿಟಿ ಬಸ್ಸು, ನೀರಿನ ಟ್ಯಾಂಕರು, ಹುಲ್ಲಿನ ಲಾರಿ, ಒಂದಕ್ಕೊಂದು ಸರಿಯಾದ ಅಂತರ ಬಿಟ್ಟು, ಹಾರ್ನ್ ಮಾಡದೆ ನಿಂತಿದ್ದವು. ಜೋಪಾನದ ಕಿರಣ ಎಲ್ಲವನ್ನೂ ನಮ್ಮ ಹಿಂದೆಯೇ ಎಳೆದು ತಂದಿತ್ತು. ಮಾವ ಗುಂಡಿ ಒತ್ತಿದ, ಆರಲಿಲ್ಲ. ವೈರು ಕಿತ್ತ, ಆರಲಿಲ್ಲ.

ಜೋಪಾನದೊಳಗಿನ ಅಜ್ಜಿಯ ದನಿ ಇಡೀ ರಸ್ತೆಗೆ ಕೇಳಿತು. “ಎಲ್ಲರ ಮುಖವೂ ಬಾಡಿದೆ! ಹಸಿದ ಹೊಟ್ಟೆಯಲ್ಲಿ ಗಾಡಿ ಓಡಿಸಿದ್ರೆ ಕಣ್ಣು ಕತ್ತಲೆ ಬರುತ್ತೆ. ಇಳಿದು ಊಟ ಮಾಡಿ. ಉಣ್ಣದವರ ಗಾಡಿ ಬಿಡಲ್ಲ!”

ಡ್ರೈವರುಗಳು, ಕಂಡಕ್ಟರುಗಳು, ಪ್ರಯಾಣಿಕರು ಸಾಲಾಗಿ ಒಳಗೆ ಬಂದರು. ನಮ್ಮವರು ಅವರನ್ನು ಬೀಗರ ಕಡೆಯವರೆಂದುಕೊಂಡರು, ಬೀಗರು ನಮ್ಮ ಕಡೆಯವರೆಂದುಕೊಂಡರು. ಎರಡೂ ಕಡೆಯವರು ಪೈಪೋಟಿಯಿಂದ ಉಪಚರಿಸಿದರು. ಅಡಿಗೆಯವರು ಮಾತ್ರ ಸೌಟು ಹಿಡಿದುಕೊಂಡು ಮಾವನನ್ನು ಹುಡುಕುತ್ತಿದ್ದರು.

ಅಂದು ಆ ರಸ್ತೆಯಲ್ಲಿ ಒಂದೇ ಒಂದು ಅಪಘಾತವೂ ಆಗಲಿಲ್ಲವೆಂದು ಮಾವ ಈಗಲೂ ಎದೆಯುಬ್ಬಿಸಿ ಹೇಳುತ್ತಾನೆ. ಹೇಗಾದೀತು? ಗಾಡಿ ಓಡಿಸುವವರೆಲ್ಲ ನಮ್ಮ ಪಂಕ್ತಿಯಲ್ಲಿ ಕೂತು ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಳ್ಳುತ್ತಿದ್ದರು.