ಆಯಿ ಊದಿದ ಕ್ಯಾಸೆಟ್

ನಮ್ಮ ಮನ್ಯಾಗ ಯಾವ ಯಂತ್ರ ಬಂದ್ರೂ ಸ್ವಲ್ಪ ದಿನದಾಗ ಮನಿ ಮಂದಿ ಆಗಿಬಿಡತೈತಿ. ಅದಕ್ಕ ದೃಷ್ಟಿ ತಗೀತೀವಿ, ಬೈತೀವಿ, ಜಡ್ಡಾದ್ರ ಔಷಧಾನೂ ಮಾಡತೀವಿ. ನಾ ಸಣ್ಣಾಕಿದ್ದಾಗ ಅಪ್ಪ ವಿಜಯಪುರದ ಸೊಲ್ಲಾಪುರ ರಸ್ತೆದಾಗ ಒಂದು ಟಿವಿ ಗೇಮ್ ಕೊಂಡು ತಿಕೋಟಾಕ್ಕ ತಂದಿದ್ದ. ಅದರ ಪಾಡೂ ಅದ ಆತು.

ಮಂತ್ರ

ಆಟದ ಕ್ಯಾಸೆಟ್ ಹಾಕಿದ್ರ ಟಿವ್ಯಾಗ ಬರೇ ಗೆರಿ ಬರತಿದ್ವು. ತಗದು, ಬಾಯಿಗೆ ಹಿಡದು ಊದಿ ಹಾಕಿದ್ರ ಆಟ ಸುರು. ನಮ್ಮ ಆಯಿ, ಅಂದ್ರ ಅಪ್ಪನ ಅವ್ವ, ಓಣಿ ಕೂಸುಗಳ ಹೊಟ್ಟಿನೋವಿಗೆ ಮಂತ್ರಿಸಿ ಊದಾಕಿ. ನಮಗ ಬಗ್ಗದ ಕ್ಯಾಸೆಟ್ ಒಂದ್ಸಲ ಆಕಿ ಉಸಿರಿಗೆ ಬಗ್ಗಿತು. ಮುಗೀತು, ಓಣಿ ಹುಡುಗ್ರೆಲ್ಲಾ ತಮ್ಮ ತಮ್ಮ ಕ್ಯಾಸೆಟ್ ಹಿಡ್ಕೊಂಡು ನಮ್ಮ ಕಟ್ಟಿಗೆ ಬಂದು ಕುಂತ್ರು. ಆಯಿ ಕಣ್ಣು ಮುಚ್ಚಿ, ಮಂತ್ರ ಪೂರ್ತಿ ಹೇಳೇ ಊದಾಕಿ. ತಡಾ ಆಗತೈತಿ, ಮಂತ್ರ ಬ್ಯಾಡ, ಬರೇ ಗಾಳಿ ಸಾಕು ಅಂತ ನಮ್ಮಣ್ಣ ಗೊಣಗಿದ.

"ಬರೇ ಗಾಳಿ ಸಾಕಂದ್ರ ಫ್ಯಾನಿನ ಮುಂದ ಹಿಡಿ ಹೋಗ," ಅಂದ್ಲು.

ಹುಡುಗ್ರ ಮಾಲು

ಒಂದು ಬ್ಯಾಸಗಿ ಸೂಟ್ಯಾಗ ಆಟದ ಡಬ್ಬಿ ಮ್ಯಾಲ ತಂಬಗಿ ಮಜ್ಜಿಗಿ ಚೆಲ್ಲಿತು. ಬಿಸಲಿಗೆ ಇಡಾಕ ಹೊಂಟ್ರ ಅಪ್ಪ ತಡದ. ಅಂವಾ ದ್ರಾಕ್ಷಿ ತ್ವಾಟದಾಂವ. ಬಿಸಲಿಗೆ ಬಣ್ಣ ಕೆಡತೈತಿ, ನೆಳ್ಳಾಗ ಗಾಳಿಗೇ ಒಣಗಬೇಕು ಅಂತ ಒಣದ್ರಾಕ್ಷಿ ಶೆಡ್ಡಿಗೆ ಒಯ್ದು, ಬಲಿ ಮ್ಯಾಲ ಹರಡಿದ ದ್ರಾಕ್ಷಿ ನಡುವ ಇಟ್ಟ. ಅಣ್ಣ ದಿನಾ ಹೋಗಿ ಮುಟ್ಟಿ ನೋಡಿ ಬರಾಂವ. ಮಾಲು ನೋಡಾಕ ಬಂದ ವ್ಯಾಪಾರಿ ಆ ಕರೀ ಡಬ್ಬಿ ಕಂಡು, ಇದ್ಯಾವ ಜಾತೀದು ಅಂತ ಕೇಳಿದ.

"ಅದು ಹುಡುಗ್ರ ಮಾಲ್‌ರಿ," ಅಂದ ಅಪ್ಪ, "ಇನ್ನಾ ಒಣಗಿಲ್ಲ."

ಮನಿ ಮುಟ್ಟಿದನೇನ?

ಡಬ್ಬಿ ಒಣಗಿ ಮತ್ತ ನಡೀತು ಖರೆ, ಕರೆಂಟ್ ನಡೀಬೇಕಲ್ಲ?

ಆಯಿಗೆ ಒಂದ ಆಟ ಸೇರತಿತ್ತು. ಅದರಾಗ ಒಬ್ಬ ಸಣ್ಣ ಹುಡುಗ ಗಂಟು ಹೊತ್ಕೊಂಡು, ಗುಂಡಿ ಜಿಗದು, ಹಾವು ದಾಟಿ ಓಡತಿದ್ದ. ಎಲ್ಲಿಗೆ ಹೊಂಟಾನ ಅಂತ ಆಯಿ ಕೇಳಿದ್ದಕ್ಕ ಅಣ್ಣ, ಮನಿಗೆ ಅಂದಿದ್ದ. ಅವತ್ತಿನಿಂದ ಆಕಿಗೆ ಸಮಾಧಾನ ಇಲ್ಲ. ಮನಿ ಕಾಣೂದ್ರಾಗ ಕರೆಂಟ್ ಹೋಗತಿತ್ತು, ಬಂದ ಮ್ಯಾಲ ಪಾಪ ಮತ್ತ ಮದ್ಲಿಂದ ಓಡಬೇಕು. ಮುಟ್ಟಿದನೇನ್ ಲೇ ಅಂತ ದಿನಾ ಕೇಳಾಕಿ. ಡಬ್ಬಿ ಕೆಟ್ಟು ಮೂಲಿ ಸೇರಿದ ಮ್ಯಾಲೂ, ನಾ ಲಗ್ನಾಗಿ ವಿಜಯಪುರಕ್ಕ ಹೋದ ಮ್ಯಾಲೂ ಕೇಳೋದು ಬಿಡಲಿಲ್ಲ. ನಮಗ ನಗಿ, ಆಕಿಗೆ ಖರೇನ ಚಿಂತಿ.

ಮೊನ್ನೆ ತಿಕೋಟಾಕ್ಕ ಹೋದಾಗ ಅಣ್ಣ ಅದ ಆಟ ಮೊಬೈಲಿನ್ಯಾಗ ಹುಡುಕಿ ಇಟ್ಟಿದ್ದ. ಆಯಿಗೆ ಈಗ ಕಣ್ಣು ಮಂಜ. ಅಣ್ಣನ ಹೆಗಲಿಗೆ ಹೆಗಲು ಹಚ್ಚಿ, ಅವನ ಅಂಗಿ ಹಿಡದು ಕುಂತ್ಲು. ದ್ರಾಕ್ಷಿ ಬಳ್ಳಿ ಕತ್ತರಿಸಿ ದಡ್ಡುಗಟ್ಟಿದ ಅಣ್ಣನ ಬೆರಳಿಗೆ ಆಟ ಬಗ್ಗವಲ್ದು. ಹುಡುಗ ಸತ್ತ, ಎದ್ದ, ಮತ್ತ ಓಡಿದ. ಕಡೀಕ ಮನಿ ಬಂತು. ಬಾಗಲಾ ತೆರೀತು, ಬಾಜಾ ಸಪ್ಪಳಾತು, ಹುಡುಗ ಹೊಸ್ತಿಲದಾಗ ನಿಂತು ಜಿಗದು ಜಿಗದು ಕುಣ್ಯಾಕತ್ತಿದ. ಅಣ್ಣನ ಕಣ್ಣಾಗ ನೀರು ಬಂದ್ವು. ನನಗೂ ಬಂದ್ವು.

"ಮುಟ್ಟಿದ ಬೇ ಆಯಿ," ಅಂದ ಅಣ್ಣ.

ಆಯಿ ಸೆರಗಿಲೆ ಕಣ್ಣು ಒರಸ್ಕೊಂಡ್ಲು. ಮೊಬೈಲಿಗೆ ಮಂತ್ರಿಸಿ ಒಂದ್ಸಲ ಊದಿದ್ಲು. ಆಮ್ಯಾಲ ಅಂದ್ಲು:

"ಕುಣಿಯೋದು ಸಾಕನ್ನು ಅವಗ. ಕೈಕಾಲು ತೊಳ್ಕೊಂಡು ಮದ್ಲ ಉಣ್ಣಾಕ ಕುಂಡ್ರನ್ನು."