ತೆಳು ಎಣ್ಣೆಯ ಪರವಾಗಿ

ದಹಿಸರ್ ಸ್ಟೇಷನ್ನಿನ ಹತ್ತಿರ ನನ್ನದೊಂದು ಎಂಜಿನ್ ಆಯಿಲಿನ ಅಂಗಡಿ ಉಂಟು. ಹೆಂಗಸೊಬ್ಬಳು ಎಂಜಿನ್ ಆಯಿಲ್ ಮಾರುತ್ತಾಳೆ ಅಂತ ಗೊತ್ತಾದ ಕೂಡಲೇ ಈ ಮುಂಬೈಯಲ್ಲಿ ಎಲ್ಲರೂ ಎಂಜಿನಿಯರ್ ಆಗಿಬಿಡುತ್ತಾರೆ. ಹಾಗಾಗಿ ನನಗೆ ನಗುವುದಕ್ಕೂ ಜಗಳಕ್ಕೂ ಯಾವತ್ತೂ ಬರಗಾಲ ಇಲ್ಲ. ಅಂಗಡಿಯ ಬೋರ್ಡಿನ ಮೇಲೆ ಇರುವುದು ನನ್ನ ಹೆಸರು, ಯಾವ ಕಂಪನಿಯದ್ದೂ ಅಲ್ಲ. ಅದನ್ನು ಇಳಿಸಲು ಬಂದವನೊಬ್ಬನ ಕಥೆಯನ್ನು ಕೊನೆಗೆ ಹೇಳುತ್ತೇನೆ.

೧. ಯಜಮಾನರು

ನಮ್ಮವರು ಬಾಂದ್ರಾದ ಬ್ಯಾಂಕಿನಿಂದ ರಿಟೈರ್ ಆದ ಮೇಲೆ ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಪೇಪರ್ ಹಿಡಿದು ಕೂರುತ್ತಾರೆ. ಗಿರಾಕಿಗಳು ನನ್ನನ್ನು ದಾಟಿ ಸೀದಾ ಅವರ ಹತ್ತಿರ ಹೋಗುತ್ತಾರೆ. ಗಂಡಸಲ್ಲವಾ, ಗೊತ್ತಿರಲೇಬೇಕು! ಒಬ್ಬ ಕಾರಿನವ ಹಾಗೇ ಹೋಗಿ, "ಸಾಬ್, ಮಿನರಲ್ ಆಯಿಲ್ ಹಾಕಲಾ, ಸಿಂಥೆಟಿಕ್ ಆಯಿಲ್ ಹಾಕಲಾ?" ಅಂತ ಕೇಳಿದ.

ಇವರು ಪೇಪರ್ ಇಳಿಸಲಿಲ್ಲ. "ನನಗೆ ಗೊತ್ತಿರುವುದು ತೆಂಗಿನೆಣ್ಣೆ ಒಂದೇ. ತಲೆಗೆ ಹಾಕುವುದು."

ಕಾರಿನವ ಇವರ ಬೋಳುತಲೆಯನ್ನೊಮ್ಮೆ ನೋಡಿ, ತೆಪ್ಪಗೆ ನನ್ನ ಹತ್ತಿರ ಬಂದ.

೨. ದುಬಾರಿ ಎಣ್ಣೆ

ಮುಲುಂಡಿನಲ್ಲಿರುವ ನನ್ನ ಅಣ್ಣನ ಮಗ ಹೊಸ ಬೈಕ್ ತೆಗೆದ. ಅತ್ತೆಯ ಅಂಗಡಿ ಇದ್ದರೂ ಅವರ ಮುಲುಂಡಿನಲ್ಲೇ ಯಾರದೋ ಮಾತು ಕೇಳಿ, ಕಾರಿಗೆ ಹಾಕುವ ಅತಿ ದುಬಾರಿ ಎಣ್ಣೆಯನ್ನು ಬೈಕಿಗೆ ಸುರಿದ. ಆ ಎಣ್ಣೆಗೆ ಜಾರಿಕೆ ಹೆಚ್ಚಲಿ ಅಂತ ಒಂದು ಔಷಧ ಸೇರಿಸಿರುತ್ತಾರೆ. ಕಾರಿಗೆ ಅದು ಒಳ್ಳೆಯದೇ. ಆದರೆ ಬೈಕಿನ ಕ್ಲಚ್ ಅದೇ ಎಣ್ಣೆಯಲ್ಲಿ ಮುಳುಗಿರುತ್ತದಲ್ಲ, ಅದೂ ಜಾರಿತು. ಫ್ಲೈಓವರ್ ಹತ್ತುವಾಗ ಎಂಜಿನ್ ಆಕಾಶ ಭೂಮಿ ಒಂದು ಮಾಡಿತು, ಗಾಡಿ ಮಾತ್ರ ಮುಂದೆ ಹೋಗಲಿಲ್ಲ. ಕೈಗಾಡಿಯವನೊಬ್ಬ ಇವನನ್ನು ಹಿಂದೆ ಹಾಕಿ ಹೋದನಂತೆ.

ಅಲ್ಲಿಂದಲೇ ಫೋನು. "ಅತ್ತೆ, ಬೈಕ್ ಸಿರ್ಫ್ ಚಿಲ್ಲಾತಾ ಹೈ, ಬರೀ ಕಿರುಚುತ್ತದೆ. ಕೆಲಸ... ಕೆಲಸ ಏನೂ ಮಾಡೋದಿಲ್ಲ."

"ನಿನ್ನ ಅಪ್ಪನೂ ಹಾಗೆಯೇ ಮಗಾ," ಅಂದೆ. "ಆದರೆ ಬೈಕನ್ನಾದರೂ ರಿಪೇರಿ ಮಾಡಬಹುದು, ತೆಗೆದುಕೊಂಡು ಬಾ."

೩. ಶೆಟ್ಟರ ವ್ಯಾನು

ಪಕ್ಕದ ಹೋಟೆಲಿನ ಶೆಟ್ಟರು ನಮ್ಮ ಉಡುಪಿ ಕಡೆಯವರೇ. ಅವರ ಊಟದ ಡಬ್ಬಿಗಳನ್ನು ಹೊತ್ತು ತಿರುಗುವ ವ್ಯಾನುಗಳೇ ನನ್ನ ಅಂಗಡಿಯ ಅನ್ನ. ಅವರು ಎಣ್ಣೆ ಪರೀಕ್ಷೆ ಮಾಡುವುದು ತುಪ್ಪ ಪರೀಕ್ಷೆ ಮಾಡಿದ ಹಾಗೆ: ಎರಡು ಬೆರಳಿನಲ್ಲಿ ತಿಕ್ಕುವುದು, ಮೂಸುವುದು. ಹೊಸ ವ್ಯಾನಿಗೆ ನಾನು ಕೊಟ್ಟದ್ದನ್ನು ತಿಕ್ಕಿ, "ಎಂತ ಅಕ್ಕ ಇದು, ನೀರು! ದಪ್ಪದ್ದು ಕೊಡಿ," ಅಂದರು.

"ಶೆಟ್ರೇ, ನಿಮ್ಮ ವ್ಯಾನಿನ ಕಂಪನಿಯವರೇ ತೆಳು ಹಾಕಿ ಅಂದಿದ್ದಾರೆ. ತೆಳು ಇದ್ದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಮೂಲೆಮೂಲೆಗೂ ಹರಿಯುತ್ತದೆ. ನಿಮ್ಮ ಸಾಂಬಾರೂ ತೆಳುವೇ ಅಲ್ಲವಾ? ಜನ ತಿನ್ನುವುದಿಲ್ಲವಾ?"

ಸಾಂಬಾರಿನ ಸುದ್ದಿಗೆ ಹೋಗಬಾರದಿತ್ತು. ಎಣ್ಣೆ ತೆಗೆದುಕೊಂಡು ಹೋದರು, ಆದರೆ ಅವರ ಹೋಟೆಲಿನಿಂದ ದಿನಾ ಸಂಜೆ ನನಗೆ ಬರುವ ಚಹಾ ನಿಂತಿತು. ಸ್ವಲ್ಪ ದಿನ ಕಳೆದು ವ್ಯಾನಿನ ಎಣ್ಣೆ ಅಳೆಯುವ ಡಿಪ್‌ಸ್ಟಿಕ್ ಹಿಡಿದುಕೊಂಡೇ ಬಂದರು. "ಇಷ್ಟು ಬೇಗ ಕಪ್ಪಾಯಿತು. ಡುಪ್ಲಿಕೇಟ್!"

"ಅದರಲ್ಲಿ ಕೊಳೆ ತೊಳೆಯುವ ಔಷಧ ಉಂಟು ಮಾರಾಯ್ರೆ. ಒಳಗಿನ ಮಸಿಯನ್ನೆಲ್ಲ ಎಣ್ಣೆ ತನ್ನ ಮೈಗೆ ಎಳೆದುಕೊಳ್ಳುತ್ತದೆ. ನಿಮ್ಮಲ್ಲಿ ಪಾತ್ರೆ ತೊಳೆದ ನೀರು ಬೆಳ್ಳಗೇ ಉಳಿದರೆ ಎಂತ ಅರ್ಥ?"

ಶೆಟ್ಟರು ಯೋಚಿಸಿ ಹೇಳಿದರು, "ಪಾತ್ರೆಯವನನ್ನು ಬದಲಿಸಬೇಕು ಅಂತ."

ಆ ಸಂಜೆ ಚಹಾ ಬಂತು.

೪. ಟೈ ಕಟ್ಟಿದವ

ಮೊನ್ನೆ ಒಂದು ಕಂಪನಿಯ ಮನುಷ್ಯ ಬಂದ. ಮೈಸೂರಿನವನಂತೆ, ಕನ್ನಡ ಕೇಳಿ ಖುಷಿಪಟ್ಟ. "ಮೇಡಂ, ನಿಮ್ಮ ಬೋರ್ಡ್ ಇಳಿಸಿ ನಮ್ಮದು ಹಾಕ್ತೀವಿ. ಎ.ಸಿ. ಕೂಡ ನಮ್ಮದೇ. ಬೇರೆ ಬ್ರ್ಯಾಂಡ್ ಮಾತ್ರ ಇಡಬಾರದು."

ಎ.ಸಿ. ಅಂದದ್ದೇ ತಡ, ನಮ್ಮವರ ಪೇಪರ್ ಕೆಳಗಿಳಿಯಿತು.

"ಆಗುವುದಿಲ್ಲ," ಅಂದೆ. "ಬೇಸ್ ಆಯಿಲ್ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಇರಬಹುದು. ಅದಕ್ಕೆ ಬೆರೆಸುವ ಔಷಧ ಒಬ್ಬೊಬ್ಬರದ್ದು ಒಂದೊಂದು. ಹಳೇ ರಿಕ್ಷಾಕ್ಕೆ ಒಂದು ಬೇಕು, ಹೊಸ ಕಾರಿಗೆ ಇನ್ನೊಂದು. ಊರಿಗೆಲ್ಲ ಒಂದೇ ಅಳತೆಯ ಚಪ್ಪಲಿ ಮಾರುವ ಅಂಗಡಿ ನನ್ನದಲ್ಲ. ಬೋರ್ಡ್ ಮುಟ್ಟಿದರೆ ನೋಡಿ ಮತ್ತೆ!"

"ಹಾಗಾದರೆ ನಿಮ್ಮ ಗಿರಾಕಿಗಳನ್ನು ನಾವೇ ಹಿಡೀತೀವಿ," ಅಂದವನೇ ಸೀದಾ ಪಕ್ಕದ ಹೋಟೆಲಿಗೆ ನಡೆದ. ಶೆಟ್ಟರ ವ್ಯಾನುಗಳು ಹೋದರೆ ನನ್ನ ಬೋರ್ಡೂ ಹೋದ ಹಾಗೆಯೇ. ನಾನೂ ಹಿಂದೆಯೇ ಓಡಿದೆ.

ಬೆಳಗಿನ ತಿಂಡಿಯ ಹೊತ್ತು, ಹೋಟೆಲ್ ತುಂಬ ಜನ. ಶೆಟ್ಟರೇ ಸೌಟು ಹಿಡಿದು ಸಾಂಬಾರ್ ಬಡಿಸುತ್ತಿದ್ದರು. ಇವನು ಮೇಜಿನ ಮೇಲೆ ಎರಡು ಬಾಟಲಿ ಇಟ್ಟು ಓರೆ ಮಾಡಿ ತೋರಿಸಿದ. "ನೋಡಿ ಸಾರ್, ನಮ್ಮದು ಎಷ್ಟು ದಪ್ಪ! ಇದು ಆ ಮೇಡಂ ಕೊಡೋದು, ಬರೀ ನೀರು. ಒಂದು ಮಾತು ತಿಳ್ಕೊಳ್ಳಿ: ತೆಳ್ಳಗೆ ಮಾಡಿ ಕೊಡೋರೆಲ್ಲ ಕಳ್ಳರು!"

ಅಷ್ಟೂ ಜನ ತಮ್ಮ ತಮ್ಮ ಬಟ್ಟಲಿನ ಸಾಂಬಾರ್ ನೋಡಿಕೊಂಡರು. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು.

ಶೆಟ್ಟರ ಮುಖ ಕೆಂಪಾಯಿತು. ಸೌಟು ಎತ್ತಿದರು, ಸಾಂಬಾರ್ ಅವನ ಟೈ ಮೇಲೆ ತೊಟ್ಟಿಕ್ಕಿತು. "ಯಾರನ್ನು ಕಳ್ಳ ಅನ್ನುವುದು? ತೆಳು ಅಂದರೆ ಎಂತ ಅಂತ ಮಾಡಿದ್ದಿ? ತೆಳು ಇದ್ದರೇ ಬೆಳಿಗ್ಗೆ ಒಳಗೆ ಮೂಲೆಮೂಲೆಗೂ ಹರಿಯುವುದು! ಒಳಗಿನ ಮಸಿ, ಕೊಳೆ, ಎಲ್ಲ ತೊಳೆದು ಕಪ್ಪಾಗಿ ಹೊರಗೆ ಬರುವುದು! ಬೇಕಾದರೆ ಕೇಳು, ಅಕ್ಕ ಇಲ್ಲೇ ಇದ್ದಾರೆ!"

ಅವನು ಬಾಟಲಿ ಬಿಟ್ಟು ಓಡಿದ. ನನ್ನ ಬೋರ್ಡ್ ಈಗಲೂ ಅಲ್ಲೇ ಉಂಟು, ನಮ್ಮವರು ಈಗಲೂ ಫ್ಯಾನಿನ ಕೆಳಗೇ. ಶೆಟ್ಟರು ಹೇಳಿದ್ದು ಎಣ್ಣೆಯ ಮಾತೇ, ಆದರೆ ಕೈಯಲ್ಲಿದ್ದದ್ದು ಸಾಂಬಾರಿನ ಸೌಟಲ್ಲವಾ! ಆ ದಿನ ಹೋಟೆಲಿನಲ್ಲಿ ಎಲ್ಲರೂ ಇಡ್ಲಿಯನ್ನು ಚಟ್ನಿಯಲ್ಲೇ ಮುಗಿಸಿದರು.